ಟಾಕಿ ತೊಳೆದವರು

ನನ್ನ ಗಂಡ ಹೆಂಡ ಕುಡಿಯುತ್ತಿರಲಿಲ್ಲ. ಮೊದಲು ಈ ಮಾತು ಕೇಳಿ. ಉಳಿದದ್ದು ಆಮೇಲೆ.

ಮಾಂತು ಬೀಡಿ ಸೇದುತ್ತಿದ್ದ. ಸಿಟ್ಟು ಬಂದರೆ ತಾಟು ಎತ್ತಿ ಒಗೆಯುತ್ತಿದ್ದ. ನನ್ನ ತವರಿನವರು ಬಂದರೆ ಮುಖ ಗಂಟು ಹಾಕುತ್ತಿದ್ದ. ದೇವರಂಥ ಮನುಷ್ಯ ಎಂದು ನಾನು ಹೇಳುವುದಿಲ್ಲ. ಆದರೆ ಹೆಂಡದ ಹನಿ ಅವನ ನಾಲಿಗೆಗೆ ತಾಗಿರಲಿಲ್ಲ. ಅವನ ಅಪ್ಪ ಕುಡಿದು ಕುಡಿದು ಸತ್ತದ್ದನ್ನು ಕಣ್ಣಾರೆ ನೋಡಿ ಬೆಳೆದವನು. ಅಂಥವನು ಸತ್ತ ದಿನ ಸಾಹುಕಾರ ಮಿಲ್ಲಿನ ಗೇಟಿನಲ್ಲಿ ನಿಂತು "ಕುಡದು ಬಿದ್ದ" ಎಂದ. ಪೊಲೀಸರ ಕಾಗದದಲ್ಲೂ ಹಾಗೇ ಬರೆಸಿದ. ಅವತ್ತಿನಿಂದ ನಾನು ಕುಡುಕನ ಹೆಂಡತಿ.

ಸಾಹುಕಾರನ ಹೆಸರು ಮಹಾಲಿಂಗ. ಬೆಳಗಾವಿ ಕಡೆಯವನು. ಅವನ ಅಪ್ಪ ಪುಣೆಯ ಮಾರ್ಕೆಟ್ ಯಾರ್ಡಿಗೆ ಬೆಲ್ಲದ ದಲಾಲಿ ಮಾಡಲು ಬಂದ. ಮಗ ಬೆಲ್ಲ ಬಿಟ್ಟು ಕಬ್ಬಿಣ ಹಿಡಿದ. ಮನೆ ಸದಾಶಿವ ಪೇಠದಲ್ಲಿ, ರೋಲಿಂಗ್ ಮಿಲ್ಲು ದೌಂಡದ ದಾರಿಯಲ್ಲಿ, ಕಬ್ಬಿನ ಗದ್ದೆಗಳ ನಡುವೆ. ಕೂಲಿಗೆಂದು ಅಫಜಲಪುರದ ಕಡೆಯಿಂದ, ಭೀಮಾ ದಂಡೆಯ ಊರುಗಳ ನಮ್ಮ ಕೇರಿಯವರನ್ನೇ ಆರಿಸಿ ತಂದ. "ನೀವು ನಮ್ಮ ಭಾಷಾದ ಮಂದಿ. ಈ ಮರಾಠಿ ಮುಲಕಿನಾಗ ನಾವು ನೀವು ಒಂದ" ಎನ್ನುತ್ತಿದ್ದ. ಅವನ ಬಾಯಿಂದ ಕನ್ನಡ ಕೇಳಿ ನಾವು ಕುಣಿದಾಡಿ ಬಂದೆವು.

ಭಾಷೆ ಒಂದೇ. ನೀರು ಬೇರೆ.

ಆಫೀಸಿನ ಜಗಲಿಯ ಮೇಲೆ ತಣ್ಣೀರಿನ ಮಶೀನಿತ್ತು. ಅದು ಆಫೀಸಿನವರಿಗೆ. ನಮಗೆ ಕಬ್ಬಿಣ ಕಾಯಿಸುವ ಭಟ್ಟಿಯ ಹಿಂದೆ ಒಂದು ತುಕ್ಕು ಹಿಡಿದ ಪೀಪಾಯಿ. ಟ್ಯಾಂಕರ್ ಬಂದರೆ ತುಂಬುತ್ತಿತ್ತು, ಬರದಿದ್ದರೆ ಇಲ್ಲ. ಯಾರೂ ಬಾಯಿಬಿಟ್ಟು ಜಾತಿಯ ಹೆಸರು ಎತ್ತುತ್ತಿರಲಿಲ್ಲ. ಈಗಿನ ಕಾಲದಲ್ಲಿ ಯಾರು ಎತ್ತುತ್ತಾರೆ? ಜಗಲಿ ಹತ್ತಿದರೆ ಸುಪರ್‌ವೈಜರ್ ಅವಧೂತ "ಏ, ಬೂಟು ತೊಳದಿಲ್ಲ, ಇಳಿ ಕೆಳಗ" ಎನ್ನುತ್ತಿದ್ದ. ಬೂಟು ತೊಳೆದು ಹೋದರೆ "ಗ್ಲಾಸು ಇಲ್ಲ" ಎನ್ನುತ್ತಿದ್ದ. ಅದಕ್ಕೆ ನಾವೆಲ್ಲ ಮನೆಯಿಂದ ನಮ್ಮ ನಮ್ಮ ತಂಬಿಗೆ ಹಿಡಿದು ಹೋಗುತ್ತಿದ್ದೆವು.

ಮಾಂತು ಇಕ್ಕಳದ ಕೆಲಸದವನು. ಭಟ್ಟಿಯಿಂದ ಕೆಂಪಗೆ ಕಾದು ಬರುವ ಕಬ್ಬಿಣದ ದಿಮ್ಮಿಯನ್ನು ಇಕ್ಕಳದಿಂದ ಹಿಡಿದು ರೋಲಿನ ಬಾಯಿಗೆ ಕೊಡಬೇಕು. ಆ ಕಡೆ ಅದು ಉದ್ದನೆಯ ಸರಳಾಗಿ ಹೋಗುತ್ತದೆ. ಕೈ ತಪ್ಪಿದರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಅವನ ಹುಬ್ಬಿನ ಕೂದಲು ಸುಟ್ಟುಹೋಗಿ ಮತ್ತೆ ಬೆಳೆಯಲೇ ಇಲ್ಲ. ನಾವು ಹೆಂಗಸರು ಕಿಟ್ಟ ಬಳಿಯುವವರು. ಬೆಂಕಿಯಲ್ಲಿ ಕಾದ ಕಬ್ಬಿಣದ ಮೈಯಿಂದ ಕಪ್ಪು ಹಕ್ಕಳೆ ಉದುರುತ್ತದೆ, ಅದೇ ಕಿಟ್ಟ. ಆರುವ ಮೊದಲೇ ಪೊರಕೆಯಿಂದ ಬಳಿಯಬೇಕು, ಬುಟ್ಟಿ ತುಂಬಬೇಕು, ತಲೆಯ ಮೇಲೆ ಹೊರಬೇಕು. ಸೆರಗು ತೂತು ಬೀಳುತ್ತಿತ್ತು, ಪಾದ ಸುಡುತ್ತಿತ್ತು, ಉಗುಳಿದರೆ ಕಪ್ಪು. ನಮ್ಮಲ್ಲಿ ಹಿರಿಯಳು ಗೌರಾಬಾಯಿ. ಅವಳ ನೆತ್ತಿಯಲ್ಲಿ ಬುಟ್ಟಿ ಕೂತು ಕೂತು ಕೂದಲೇ ಇಲ್ಲ. ನಾಲಿಗೆ ಮಾತ್ರ ಚೂಪು.

ಹೋದ ಚಳಿಗಾಲ ಮಿಲ್ಲಿಗೆ ಹೊಸ ಯಂತ್ರ ಬಂತು. ಕೂಡಿಸಲು ಬೆಂಗಳೂರಿನಿಂದ ಅಶ್ವಿನ್ ಎಂಬ ಇಂಜಿನಿಯರ್ ಬಂದ. ಒಳ್ಳೆಯ ಹುಡುಗ, ಎಲ್ಲರಿಗೂ ತಿಳಿಸಿ ಹೇಳುತ್ತಿದ್ದ. ದಪ್ಪ ತಾಮ್ರದ ಕೊಳವೆಯನ್ನು ಸಿಂಬಿ ಸಿಂಬಿಯಾಗಿ ಸುತ್ತಿದ್ದಾರೆ. ಅದಕ್ಕೆ ಕಾಯಿಲ್ಲು ಎಂದು ಹೆಸರು. ಕಾಯಿಲ್ಲಿನಲ್ಲಿ ಕರೆಂಟು ಹರಿಯುತ್ತದೆ. ಒಳಗೆ ದಿಮ್ಮಿ ತಳ್ಳಿದರೆ ಸಾಕು, ಯಾರೂ ಮುಟ್ಟದೆ ಕಾಯುತ್ತದೆ.

"ಎಣ್ಣೆ ಬೇಡ, ಹೊಗೆ ಇರಲ್ಲ, ಬೆಂಕೀನೇ ಇಲ್ಲ. ಕಬ್ಬಿಣ ಒಳಗಿಂದ ತಾನೇ ಕಾಯುತ್ತೆ" ಎಂದ ಅಶ್ವಿನ್.

"ಮತ್ತ ಕಿಟ್ಟ?" ಎಂದಳು ಗೌರಾಬಾಯಿ.

"ಬರೋದೇ ಇಲ್ಲ ಅನ್ನಬಹುದು ಅಮ್ಮ. ಅದೇ ಇದರ ಲಾಭ."

ಗೌರಾಬಾಯಿ ಪೊರಕೆ ಕೆಳಗಿಟ್ಟಳು. ಲಾಭ ಯಾರದೆಂದು ಕೇಳಲಿಲ್ಲ. ಒಂದು ವಾರದೊಳಗೆ ಅವಧೂತ ಬಂದು ಹೇಳಿದ: ಉದ್ಘಾಟನೆ ಆದ ಮರುದಿನದಿಂದ ಹೆಂಗಸರಿಗೆ ಕೆಲಸ ಇಲ್ಲ.

ಆ ಕಾಯಿಲ್ಲಿಗೆ ಬೇಕಾದದ್ದು ಒಂದೇ, ನೀರು. ತಾಮ್ರದ ಕೊಳವೆಯ ಒಳಗೆ ತಣ್ಣನೆಯ ನೀರು ಸುತ್ತುತ್ತಲೇ ಇರಬೇಕು. ಇಲ್ಲದಿದ್ದರೆ ತಾಮ್ರವೇ ಕರಗುತ್ತದೆ. ನೀರು ನಿಂತರೆ ಕರೆಂಟು ತಾನೇ ಕಡಿದುಹೋಗುವಂತೆ ಅಶ್ವಿನ್ ಕೂಡಿಸಿದ್ದ. ಉಪ್ಪಿನ ನೀರು ನಡೆಯುವುದಿಲ್ಲ ಎಂದು ಶುದ್ಧ ಮಾಡುವ ಯಂತ್ರ ಬೇರೆ ಬಂತು. ಆ ನೀರು ತುಂಬಲು ಎದೆಯೆತ್ತರದ ಸ್ಟೀಲಿನ ಟಾಕಿ, ಅದಕ್ಕೆ ಮುಚ್ಚಳ, ಸುತ್ತ ತಂತಿಯ ಜಾಳಿಗೆ. ನಾವು ಪೀಪಾಯಿಯ ತಳ ಕೆರೆದು ಜಿಗಟು ನೀರು ಕುಡಿಯುವಾಗ ಪಕ್ಕದಲ್ಲಿ ಯಂತ್ರ ತಣ್ಣನೆಯ ಸಿಹಿನೀರು ಕುಡಿಯುತ್ತಿತ್ತು.

ಅಷ್ಟಾದರೆ ನಾವು ತಡೆದುಕೊಳ್ಳುತ್ತಿದ್ದೆವು. ನಮಗೆ ರೂಢಿ ಇತ್ತು. ಆದರೆ ಸಾಹುಕಾರನ ಹೆಂಡತಿ ಸಾವಿತ್ರಿಬಾಯಿ ಗಾಣಗಾಪುರಕ್ಕೆ ಹೋಗಿ ಸಂಗಮದ ನೀರು ತಂದಳು. ಮಂತ್ರ ಹೇಳಿಸಿ ಟಾಕಿಗೆ ಸುರಿದಳು. ಜಾಳಿಗೆಗೆ ಕೇಸರಿ ದಾರ ಕಟ್ಟಿದಳು. "ಇದು ಮಡಿ ನೀರು. ಯಾರೂ ಮುಟ್ಟಬಾರದು" ಎಂದಳು. ಯಾರೂ ಎಂದರೆ ಯಾರು ಎಂದು ಎಲ್ಲರಿಗೂ ಗೊತ್ತಿತ್ತು, ಅಶ್ವಿನ್ ಒಬ್ಬನನ್ನು ಬಿಟ್ಟು.

"ಭೀಮಾ ಹೊಳಿ ಇಲ್ಲೇ ದೌಂಡದಾಗ ಹರೀತದ. ಹರಕೋತ ನಮ್ಮೂರಿಗೆ ಹೋಗ್ತದ. ನಮ್ಮೂರ ದಂಡೀಲೆ ನೀರು ತುಂಬಿಕೊಂಡು ಬಂದು ನಮಗ ಮುಟ್ಟಬ್ಯಾಡ ಅಂತಾಳ. ಎಮ್ಮಿ ಮೈ ತೊಳದ ನೀರು ಬೇ ಅದು!" ಎಂದು ಗೌರಾಬಾಯಿ ನಕ್ಕಳು. ಮಾಂತುವೂ ನಕ್ಕಿದ್ದ.

ಬೇಸಿಗೆ ಬಂತು. ಯಂತ್ರವನ್ನು ಓಡಿಸಿ ನೋಡುವ ದಿನಗಳು. ಹಳೆಯ ಭಟ್ಟಿ ಇನ್ನೂ ಆರಿಸಿರಲಿಲ್ಲ. ಒಂದು ಕಡೆ ಅದರ ಝಳ, ಇನ್ನೊಂದು ಕಡೆ ಕಾಯಿಲ್ಲಿನಿಂದ ಒಂದರ ಹಿಂದೆ ಒಂದು ಬರುವ ದಿಮ್ಮಿ. ಮೊದಲು ಭಟ್ಟಿ ಕಾಯುವ ತನಕ ಇಕ್ಕಳದವರಿಗೆ ಕೂತು ಉಸಿರು ಬಿಡಲು ಪುರುಸೊತ್ತು ಸಿಗುತ್ತಿತ್ತು. ಈಗ ಯಂತ್ರಕ್ಕೆ ದಣಿವಿಲ್ಲ, ಹಾಗಾಗಿ ಮನುಷ್ಯನಿಗೂ ದಣಿವಿಲ್ಲ ಎಂದು ಲೆಕ್ಕ. ಅವತ್ತು ಪೀಪಾಯಿ ಒಣಗಿತ್ತು. ಬೆಳಿಗ್ಗೆಯಿಂದ ಟ್ಯಾಂಕರ್ ಬಂದಿರಲಿಲ್ಲ.

ನಡುಹಗಲಿನಲ್ಲಿ ಮಾಂತು ಇಕ್ಕಳ ಕೆಳಗಿಟ್ಟ. ಸೀದಾ ಜಾಳಿಗೆಯ ಬಾಗಿಲು ತೆಗೆದ. ಮುಚ್ಚಳ ಸರಿಸಿ ಎರಡೂ ಕೈ ಅದ್ದಿ ಬೊಗಸೆ ತುಂಬ ನೀರು ಎತ್ತಿದ. ಒಂದು ಬೊಗಸೆ ಕುಡಿದ. ಎರಡನೆಯದು ಬಾಯಿಗೆ ಮುಟ್ಟುವ ಮೊದಲೇ ಅವಧೂತ ಅವನ ಕುತ್ತಿಗೆಯ ಮೇಲೆ ಹೊಡೆದ. ನೀರು ಮಾಂತುವಿನ ಎದೆಯ ಮೇಲೆ ಚೆಲ್ಲಿತು.

"ಕೈ ಹಾಕಿದಿ ಏನಲೇ ಹೊಲಸು ನನ್ಮಗನ! ಮುಗೀತು. ಎಲ್ಲಾ ಖಾಲಿ ಮಾಡ್ರಿ!"

ಅಶ್ವಿನ್ ಓಡಿಬಂದ. "ಯಾಕೆ ಸರ್? ಏನಾಗಲ್ಲ, ಒಬ್ಬರು ಕುಡಿದ್ರೆ ನೀರಿಗೇನೂ ಆಗಲ್ಲ" ಎಂದ. ಅವಧೂತ ಸಾಹುಕಾರನಿಗೆ ಫೋನು ಹಚ್ಚಿದ. ಅತ್ತಲಿಂದ ಹುಕುಂ ಬಂತು. ತಳದ ನಳ ತಿರುವಿದರು. ತುಂಬಿದ ಟಾಕಿಯ ನೀರು, ಒಂದು ಕೇರಿ ಕುಡಿಯಬಹುದಾದ ನೀರು, ಗಟಾರಕ್ಕೆ ಹೋಯಿತು. ನಾವು ಒಣ ಬಾಯಲ್ಲಿ ನೋಡುತ್ತ ನಿಂತೆವು. ನೀರು ಇಳಿದಂತೆ ಯಂತ್ರ ಕೂಗಿ ನಿಂತಿತು. ಕಾಯಿಲ್ಲಿನೊಳಗೆ ದಿಮ್ಮಿಗಳು ಕಪ್ಪಾದವು. ಸಾಹುಕಾರ ಆ ನಷ್ಟ ಸಹಿಸಿದ. ಮಾಂತುವಿನ ಬೊಗಸೆಯನ್ನು ಸಹಿಸಲಿಲ್ಲ.

ಆಮೇಲೆ ಮಾಂತುವನ್ನು ಟಾಕಿಯೊಳಗೆ ಇಳಿಸಿದರು. ಹೊಲಸು ಮಾಡಿದವನೇ ತೊಳೆಯಬೇಕಂತೆ. ಕೈಗೆ ತೆಂಗಿನ ನಾರು, ಸಾಬೂನು ಪುಡಿ. ಬಿಸಿಲಿಗೆ ಸ್ಟೀಲು ಕಾದಿತ್ತು. ಅವಧೂತ ಮೇಲೆ ನಿಂತು ಬಗ್ಗಿ ನೋಡುತ್ತಿದ್ದ.

"ಮೂಲಿ ಬಿಟ್ಟಿ ನೋಡ. ಅಲ್ಲಿ ತಿಕ್ಕ. ಇನ್ನೂ ತಿಕ್ಕ."

"ಸಾಹೇಬ್ರ, ಒಂದ ಗುಟುಕು ನೀರು ಕೊಡ್ರಿ" ಎಂಬ ದನಿ ಒಳಗಿನಿಂದ ಬಂತು. ಅದು ನನ್ನ ಗಂಡನ ದನಿಯೇ ಅಲ್ಲ ಎನ್ನುವ ಹಾಗಿತ್ತು.

"ಟ್ಯಾಂಕರ್ ಬಂದಿಲ್ಲ" ಎಂದ ಅವಧೂತ. ಅವನ ಕೈಯಲ್ಲಿ ನೀರಿನ ಬಾಟಲಿ ಇತ್ತು.

ನನ್ನ ತಂಬಿಗೆಯ ತಳದಲ್ಲಿ ಇಷ್ಟೇ ಇಷ್ಟು ಉಳಿದಿತ್ತು. ಹಿಡಿದುಕೊಂಡು ಓಡಿದೆ. ಅವಧೂತ ಒದ್ದ. ತಂಬಿಗೆ ಉರುಳಿ ನೆಗ್ಗಿತು. "ಕೆಲಸ ಬಿಟ್ಟು ಗಂಡನ ಸೇವಾಕ್ಕ ಬಂದಾಳ. ನಡಿ ಆಕಡೆ" ಎಂದ.

ಹೊರಗೆ ತೆಗೆದವನನ್ನು ಮತ್ತೆ ಇಕ್ಕಳಕ್ಕೇ ಕಳಿಸಿದರು. ತೂರಾಡುತ್ತಿದ್ದ. ಏನೇನೋ ಮಾತಾಡುತ್ತಿದ್ದ. ಸತ್ತುಹೋದ ತನ್ನ ಅವ್ವನನ್ನು ಕರೆದು "ಹೊಳಿ ಬಂತು ಯವ್ವಾ, ಎದ್ದೇಳ" ಎಂದ. ನಾವು ಓಡುವಷ್ಟರಲ್ಲಿ ಬಿದ್ದ. ಮೈ ಮುಟ್ಟಿದರೆ ಕೈ ಸುಡುತ್ತಿತ್ತು. ಅಷ್ಟು ಬಿಸಿಲಿನಲ್ಲೂ ಒಂದು ಹನಿ ಬೆವರಿರಲಿಲ್ಲ. ಬೆವರಲು ಒಳಗೆ ನೀರಿದ್ದರೆ ತಾನೆ? ದವಾಖಾನೆಯ ದಾರಿಯಲ್ಲಿ, ಟೆಂಪೊದೊಳಗೆ, ನನ್ನ ತೊಡೆಯ ಮೇಲೆ ಸತ್ತ.

ಅವನು ತೂರಾಡಿದ್ದನ್ನು ಎಲ್ಲರೂ ನೋಡಿದ್ದರು. ಅದೇ ಸಾಹುಕಾರನಿಗೆ ಸಾಕಾಯಿತು. "ಕುಡದು ಬಿದ್ದ." ಗೇಟಿನ ಕಾವಲುಗಾರ ವಾಸನೆ ಬಂತು ಎಂದ. ಮಾಂತುವಿನ ಜೋಡಿ ಇಕ್ಕಳ ಹಿಡಿಯುತ್ತಿದ್ದ ಶಿವಪ್ಪ ಎಲ್ಲ ನೋಡಿದ್ದ. ಅವನ ಮನೆಗೆ ಹೋಗಿ ಕೇಳಿದೆ. ತಲೆ ತಗ್ಗಿಸಿ ಕೂತ. "ನನಗೂ ಮಕ್ಕಳದಾವ, ತಂಗಿ" ಎಂದ. ನಾನು ಅವನ ಹೊಸಿಲ ಮೇಲೆ ಉಗುಳಿ ಬಂದೆ.

ಆಮೇಲಿನ ದಿನಗಳಲ್ಲಿ ನಾನು ಅಳಲಿಲ್ಲ. ಮಂದಿ ಸಮಾಧಾನ ಹೇಳಿದರು, ನ್ಯಾಯ ಸಿಗುತ್ತದೆ ಎಂದರು. ನನಗೆ ನ್ಯಾಯ ಬೇಕಿರಲಿಲ್ಲ. ಸೇಡು ಬೇಕಿತ್ತು. ಅಶ್ವಿನ್ ಹೇಳಿದ ಆ ಕಬ್ಬಿಣದ ಹಾಗೆ ಹೊಗೆಯಿಲ್ಲದೆ ಒಳಗೊಳಗೇ ಕಾದೆ. ನೆಗ್ಗಿದ ತಂಬಿಗೆಯನ್ನು ಬಡಿದು ಸರಿಮಾಡಿಸಲಿಲ್ಲ. ಅದನ್ನೇ ಹಿಡಿದು ಕೆಲಸಕ್ಕೆ ಹೋದೆ. ಉದ್ಘಾಟನೆಯ ತನಕ ಹೆಂಗಸರು ಬೇಕಾಗಿದ್ದರು, ಒಡೆದ ಭಟ್ಟಿಯ ಇಟ್ಟಿಗೆ ಹೊರಲು.

ಇಟ್ಟಿಗೆ ಹೊರುವಾಗಲೇ ಗೌರಾಬಾಯಿಗೆ ನನ್ನ ಉಪಾಯ ಹೇಳಿದೆ. ಅವಳು ಬುಟ್ಟಿ ಇಳಿಸಿ ನನ್ನ ಮುಖ ನೋಡಿದಳು.

"ಸಾಹುಕಾರನ ಬೆರಳಿಂದ ಅವನ ಕಣ್ಣು ತಿವೀಬೇಕಂತೀ" ಎಂದಳು.

"ಹೌದು ಯವ್ವಾ. ಒಬ್ಬಾಂವ ಮುಟ್ಟಿದ್ದಕ್ಕ ಟಾಕಿ ಚೆಲ್ಲಿದ್ರು. ಎಲ್ಲಾರೂ ಮುಟ್ಟಿದ್ರ ಏನ ಮಾಡ್ತಾರ ನೋಡೋಣು. ಮಂದಿ ಮುಂದ."

"ನಾಳೆ ಕೆಲಸದಿಂದ ತಗೀತಾರ" ಎಂದು ಒಬ್ಬಳು ಎಂದಳು. ಹೇಳಿದವಳೇ ನಕ್ಕಳು. ಎಲ್ಲರೂ ನಕ್ಕೆವು. ಕೆಲಸ ಹೋಗಿಯೇ ಇತ್ತು. ನಮ್ಮನ್ನು ಕಟ್ಟಿದ ಹಗ್ಗವನ್ನು ಸಾಹುಕಾರ ತನ್ನ ಕೈಯಿಂದಲೇ ಕೊಯ್ದಿದ್ದ.

ಉದ್ಘಾಟನೆಯ ದಿನ ಮಂಟಪ ಹಾಕಿದರು. ಪುಣೆಯಿಂದ ಕಾರುಗಳು ಬಂದವು. ಮಾರ್ಕೆಟ್ ಯಾರ್ಡಿನ ವ್ಯಾಪಾರಿಗಳು, ಸದಾಶಿವ ಪೇಠದ ಬೀಗರು, ಸರಳು ಕೊಳ್ಳುವ ದೊಡ್ಡ ಕಂತ್ರಾಟುದಾರರು. ಬೀಗರಲ್ಲಿ ಹಿರಿಯರೊಬ್ಬರು ರೇಷ್ಮೆ ಪಂಚೆ ಉಟ್ಟು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಸಾವಿತ್ರಿಬಾಯಿ ಸಂಗಮದ ನೀರಿನ ಹೊಸ ಕೊಡ ತಂದಿದ್ದಳು. ನಮಗೆ ಅವಧೂತ ಹೇಳಿದ್ದು ಇಷ್ಟೇ: "ಮಂದಿ ಹೋಗೂತನಕ ಗ್ವಾಡಿ ಹಿಂದ ಇರ್ರಿ. ಕಾಣಬ್ಯಾಡ್ರಿ."

ಯಂತ್ರ ಶುರುವಾಯಿತು. ಕಾಯಿಲ್ಲು ಗುಂಯ್ ಎಂದಿತು. ಕಪ್ಪಗೆ ಒಳಗೆ ಹೋದ ದಿಮ್ಮಿ ಕೇಸರಿಯಾಗಿ ಹೊರಗೆ ಬಂತು. ಮಂದಿ ಚಪ್ಪಾಳೆ ತಟ್ಟಿ ಫೋನು ಎತ್ತಿ ಹಿಡಿದರು. "ಬೆಂಕೀನೂ ಇಲ್ಲ, ಬೂದೀನೂ ಇಲ್ಲ, ನೋಡ್ರಿ. ಸ್ವಚ್ಛ ಕೆಲಸ" ಎಂದು ಸಾಹುಕಾರ ಹೇಳುತ್ತಿದ್ದ. ಇಕ್ಕಳ ಹಿಡಿದು ಮಾಂತುವಿನ ಜಾಗದಲ್ಲಿ ಶಿವಪ್ಪ ನಿಂತಿದ್ದ.

ಆಗ ನಾವು ಗೋಡೆಯ ಹಿಂದಿನಿಂದ ಬಂದೆವು. ಸಾಲಾಗಿ ಬಂದೆವು. ಮೈತುಂಬ ಇಟ್ಟಿಗೆ ಧೂಳು, ಕೈಯಲ್ಲಿ ತಂಬಿಗೆ. ಮಂಟಪದ ನಡುವಿನಿಂದಲೇ ನಡೆದೆವು. ಸೀರೆ ತಾಗೀತು ಎಂದು ಬೀಗರ ಹೆಂಗಸರು ಕಾಲು ಹಿಂದಕ್ಕೆಳೆದುಕೊಂಡರು. ನಾನು ಕೇಸರಿ ದಾರ ಹರಿದು ಜಾಳಿಗೆಯ ಬಾಗಿಲು ತೆಗೆದೆ. ಮುಚ್ಚಳ ಎತ್ತಿ ಕೆಳಗೆ ಒಗೆದೆ. ಅದು ಬಿದ್ದ ಸಪ್ಪಳಕ್ಕೆ ಎಲ್ಲರೂ ತಿರುಗಿದರು. ಮೊಣಕೈ ತನಕ ಅದ್ದಿ ತಂಬಿಗೆ ತುಂಬಿದೆ. ಗಟಗಟ ಕುಡಿದೆ. ಗೌರಾಬಾಯಿ ಕುಡಿದಳು. ಒಬ್ಬೊಬ್ಬರೇ ಎಲ್ಲರೂ ಕುಡಿದರು. ನೀರು ಸಿಹಿಯಾಗಿತ್ತು. ನನ್ನ ಗಂಡನ ಜೀವ ಹೋದದ್ದು ಇದಕ್ಕಾಗಿ.

ಅವಧೂತ ಹಾರಿಬಂದ. ಸಾಹುಕಾರ ಅವನ ರಟ್ಟೆ ಹಿಡಿದ. ಅಷ್ಟೂ ಫೋನುಗಳು ಈಗ ನಮ್ಮ ಕಡೆ ತಿರುಗಿದ್ದವು. ಸಾಹುಕಾರ ಹಲ್ಲು ಕಿರಿದ.

"ಕುಡೀರಿ, ಕುಡೀರಿ ಬೇ. ನೀರಿಗೇನು ಬರ ಬಂದದ? ನಮ್ಮ ಮಂದಿನ ಇವ್ರೆಲ್ಲಾ."

"ಅಯ್ಯ! ಮಡಿ ನೀರು ಹೋತಲ್ರಿ!" ಎಂದು ಸಾವಿತ್ರಿಬಾಯಿ ಕೂಗಿಯೇಬಿಟ್ಟಳು.

"ನೀ ಸುಮ್ನಿರು. ಏನೂ ಆಗಂಗಿಲ್ಲ. ಮಶೀನ್ ನಡೀಲಿ."

ಈ ಮಾತಿಗೇ ಕಾದಿದ್ದೆ. "ಏನೂ ಆಗಂಗಿಲ್ಲೇನ್ರಿ ಸಾಹುಕಾರ್ರ? ಹಂಗಾದ್ರ ನನ್ನ ಗಂಡ ಒಂದ ಬೊಗಸಿ ಕುಡದಾಗ ಟಾಕಿ ಯಾಕ ಚೆಲ್ಲಿಸಿದ್ರಿ? ಅವನ ಕೈಲೆ ಯಾಕ ತೊಳಿಸಿದ್ರಿ?"

ಮುಂದಿನ ಕುರ್ಚಿಯ ಹಿರಿಯರು ಸಾಹುಕಾರನ ಮುಖ ನೋಡಿದರು.

"ಇಕಿ ಗಂಡ ಕುಡದು ಸತ್ತಾಂವ್ರಿ. ತಲಿ ಕೆಟ್ಟದ ಪಾಪ" ಎಂದು ಸಾಹುಕಾರ ಬೀಗರ ಕಡೆ ತಿರುಗಿ ಹೇಳಿದ.

ಠಣ್ಣೆಂದು ಸದ್ದಾಯಿತು. ಶಿವಪ್ಪ ಇಕ್ಕಳ ಒಗೆದಿದ್ದ. ಅವನ ಮುಂದಿನ ದಿಮ್ಮಿ ರೋಲಿನ ಬಾಯಿಗೆ ಹೋಗದೆ ನಿಂತಿತು.

"ಮಾಂತು ನೀರು ಕುಡದಿದ್ದ" ಎಂದ ಶಿವಪ್ಪ. ಮತ್ತೆ ಜೋರಾಗಿ ಹೇಳಿದ. "ಇದ ಟಾಕಿ ನೀರು. ಹೆಂಡ ಅಲ್ಲ. ನಾ ನೋಡೇನಿ. ಹೊಡದ್ರು, ಇದರಾಗ ಇಳಿಸಿದ್ರು, ಹನಿ ನೀರು ಕೊಡಲಿಲ್ಲ. ನೀರಡಿಸಿ ಸತ್ತ."

ನಾನು ಬಗ್ಗಿ ತಳದ ನಳ ತಿರುವಿದೆ. ಎರಡೂ ಕೈಯಿಂದ ಪೂರ್ತಿ ತಿರುವಿದೆ. ನೀರು ಭೋರೆಂದು ಬಂತು. ಮಂಟಪದ ಹಾಸಿನ ಕೆಳಗೆ ನುಗ್ಗಿತು. ಬೀಗರು ಪಂಚೆ ಎತ್ತಿಕೊಂಡು ಕುರ್ಚಿ ಹತ್ತಿದರು. ಅವಧೂತ ನಳಕ್ಕೆ ಕೈ ಹಾಕಲು ಬಂದರೆ ಹೆಂಗಸರು ಸುತ್ತಲೂ ಕೂತುಬಿಟ್ಟರು. ಕಾಯಿಲ್ಲು ಕೂಗಿತು, ಕೆಂಪು ದೀಪ ಹತ್ತಿತು, ನಿಂತಿತು. ಒಳಗಿದ್ದ ದಿಮ್ಮಿಗಳು ನೋಡನೋಡುತ್ತ ಕಪ್ಪಾದವು. ನನಗೆ ಅಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

"ಪೊಲೀಸರನ್ನ ಕರಸ್ತೀನಿ!" ಎಂದ ಸಾಹುಕಾರ.

"ಕರಸ್ರಿ" ಎಂದಳು ಗೌರಾಬಾಯಿ. "ಇವ್ರು ನೀರು ಕುಡದಾರ ಅಂತ ಬರಸ್ರಿ. ಈ ಸಲ ಖರೇ ಬರಸ್ರಿ."

ಸಾಹುಕಾರ ಮಂಟಪದ ಕಡೆ ನೋಡಿದ. ಕಂತ್ರಾಟುದಾರರು ಗಡಿಯಾರ ನೋಡುತ್ತಿದ್ದರು. ಅಶ್ವಿನ್ ಹತ್ತಿರ ಬಂದು ಹೇಳಿದ: "ಸರ್, ಟ್ಯಾಂಕ್ ತುಂಬಿಸಿದ್ರೆ ಸಾಕು, ಮಷೀನ್ ಮತ್ತೆ ಸ್ಟಾರ್ಟ್ ಆಗುತ್ತೆ. ಬೇರೇನೂ ಬೇಡ."

"ತೊಳೀದ ತುಂಬಿದ್ರ ನಾ ಸಂಗಮದ ನೀರು ಹಾಕಂಗಿಲ್ಲ" ಎಂದಳು ಸಾವಿತ್ರಿಬಾಯಿ. ರೇಷ್ಮೆ ಪಂಚೆಯ ಹಿರಿಯರು ಕುರ್ಚಿಯ ಮೇಲಿನಿಂದಲೇ ಹೌದೆಂದು ತಲೆ ಆಡಿಸಿದರು. ಬೀಗರ ಮುಂದೆ ಸಾಹುಕಾರನಿಗೆ ಇಲ್ಲ ಎನ್ನುವ ಧೈರ್ಯವಿರಲಿಲ್ಲ.

"ಏ ಶಿವಪ್ಪ, ಇಳದು ತೊಳಿ" ಎಂದ.

"ಒಲ್ಲೆ."

ಇನ್ನೊಬ್ಬನ ಕಡೆ ನೋಡಿದ. ಅವನು ಕೈ ಕಟ್ಟಿದ. ಇಕ್ಕಳದವರು, ಇಟ್ಟಿಗೆಯವರು, ಸರಳು ಎತ್ತುವವರು, ಒಬ್ಬರೂ ಅಲುಗಲಿಲ್ಲ. ಸಾಹುಕಾರ ನನ್ನ ಹತ್ತಿರ ಬಂದು ದನಿ ಇಳಿಸಿದ. "ತ್ರಿವೇಣಿ, ನಾವು ಒಂದ ಭಾಷಾದ ಮಂದಿ ಅದೀವಿ. ಹೊರಗಿನವ್ರ ಮುಂದ ಮಾನ ಕಳೀಬ್ಯಾಡ" ಎಂದ.

"ನಮ್ಮದು ನೀವು ಗೇಟಿನಾಗ ಕಳದೀರಿ" ಎಂದೆ.

ಅವನು ಸುತ್ತಲೂ ನೋಡಿದ. ಕೊನೆಗೆ ಅವನ ಕಣ್ಣು ಅವಧೂತನ ಮೇಲೆ ನಿಂತಿತು.

"ಅವಧೂತ, ನೀನ ಇಳಿ."

"ಸಾಹೇಬ, ನಾನು?"

"ಇಳಿ ಅಂದೆ!"

ಅವಧೂತ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಬೂಟು ಬಿಚ್ಚಿದ. ಅಷ್ಟು ಮಂದಿಯ ಮುಂದೆ, ಅಷ್ಟು ಫೋನುಗಳ ಮುಂದೆ, ಟಾಕಿಯ ಅಂಚು ಹತ್ತಿ ಒಳಗೆ ಇಳಿದ. ಗೌರಾಬಾಯಿ ಅವನ ಕೈಗೆ ತೆಂಗಿನ ನಾರು ಎಸೆದಳು. ಬಿಸಿಲು ನೆತ್ತಿಯ ಮೇಲಿತ್ತು. ಸ್ಟೀಲು ಕಾದಿತ್ತು. ನಾನು ಇಟ್ಟಿಗೆ ಇಟ್ಟು ಮೇಲೆ ಹತ್ತಿ ನಿಂತೆ. ಟಾಕಿಯ ತೆರೆದ ಬಾಯಿಯೊಳಗೆ ಬಗ್ಗಿ ನೋಡಿದೆ. ಬೆನ್ನಿಗೆ ಅಂಗಿ ಅಂಟಿತ್ತು. ಮೊಣಕಾಲೂರಿ ತಿಕ್ಕುತ್ತಿದ್ದ.

"ಮೂಲಿ ಬಿಟ್ಟೀರಿ ನೋಡ್ರಿ. ಅಲ್ಲಿ ತಿಕ್ರಿ. ಇನ್ನೂ ತಿಕ್ರಿ" ಎಂದೆ.

ಅವನು ತಲೆ ಎತ್ತಲಿಲ್ಲ. ಈ ಮಾತು ಯಾರದೆಂದು ಅವನಿಗೆ ಗೊತ್ತಿತ್ತು. ತಿಕ್ಕಿದ. ಸಾಬೂನಿನ ಪುಡಿ ಗಂಟಲಿಗೆ ಹೋಗಿ ಕೆಮ್ಮಿದ. ಮುಖ ಕೆಂಪಾಯಿತು. ಬಹಳ ಹೊತ್ತು ತಡೆದುಕೊಂಡ. ಕೊನೆಗೆ ಗೋಡೆಗೆ ಒರಗಿ ನನ್ನ ಕಡೆ ಮುಖ ಎತ್ತಿದ. ತುಟಿ ಒಣಗಿತ್ತು.

"ನೀರು" ಎಂದ. "ಒಂದ ಗುಟುಕು."

ನೆಗ್ಗಿದ ತಂಬಿಗೆ ನನ್ನ ಕೈಯಲ್ಲಿತ್ತು. ಟಾಕಿ ಬರಿದಾಗುವ ಮೊದಲು ಅದನ್ನು ಕಂಠದ ತನಕ ತುಂಬಿಕೊಂಡಿದ್ದೆ. ಅವನಿಗೆ ಕಾಣುವ ಹಾಗೆ ಎತ್ತಿ ಹಿಡಿದು ನಿಧಾನವಾಗಿ ಕುಡಿದೆ. ಸೆರಗಿನಿಂದ ಬಾಯಿ ಒರೆಸಿಕೊಂಡೆ.

"ಟ್ಯಾಂಕರ್ ಬಂದಿಲ್ರಿ, ಸಾಹೇಬ್ರ" ಎಂದೆ.